ಮೆಣಸಿನಕಾಯಿ ತೊಟ್ಟು ಬಿಡಿಸಿ ಕೈ ಉರಿ: ಜೋಮು ಹಿಡಿಸುವ ಮುಲಾಮು ದಿನಾ ಹಚ್ಚಬಹುದಾ?

ಬೆಟಗೇರಿ ತಮ್ಮ
ನಮಸ್ಕಾರ ರೀ ಎಲ್ಲರಿಗೂ. ನಮ್ಮ ಅಣ್ಣ, ವೈನಿ ಬ್ಯಾಡಗಿಯಲ್ಲಿ ಇದ್ದಾರೆ. ಮೆಣಸಿನಕಾಯಿ ಸೀಸನ್ ಬಂತೆಂದರೆ ವೈನಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಸಂಜೆ ಮನೆಗೆ ಬರುವಷ್ಟರಲ್ಲಿ ಎರಡೂ ಕೈ ಬೆಂಕಿ. ತಣ್ಣೀರಿನ ಬೋಗುಣಿಯಲ್ಲಿ ಕೈ ಇಟ್ಟುಕೊಂಡು ಕೂಡುತ್ತಾರೆ, ತೆಗೆದರೆ ಮತ್ತೆ ಉರಿ. ಪಕ್ಕದ ಮನೆಯವರು ಒಂದು ಟ್ಯೂಬ್ ಕೊಟ್ಟಿದ್ದಾರೆ. ಮೇಲೆ ಲಿಗ್ನೋಕೇನ್ ಅಂತ ಇದೆ, ಶೇ. 5 ಮುಲಾಮು. ಹಚ್ಚಿದರೆ ಕೈ ಜೋಮು ಹಿಡಿದಂತಾಗಿ ಉರಿ ಕಡಿಮೆ ಆಗುತ್ತದಂತೆ. ಈಗ ದಿನಾ ರಾತ್ರಿ ಎರಡೂ ಕೈಗೆ ಮೆತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮಲಗುತ್ತಾರೆ. ಚೀಟಿ ಇಲ್ಲದೆ ಸಿಕ್ಕ ಔಷಧ, ಏನಾಗುತ್ತದೆ ಅನ್ನುತ್ತಾರೆ. ನನಗೆ ಯಾಕೋ ಧೈರ್ಯ ಇಲ್ಲ. ಗೊತ್ತಿದ್ದವರು ಹೇಳಿ.

ಹಾವೇರಿ ಔಷಧ ಅಂಗಡಿ
ಮೊದಲು ಆ ಚೀಲ ಬಿಚ್ಚಿಸಿ ತಮ್ಮ. ಉಳಿದದ್ದು ಆಮೇಲೆ ಮಾತಾಡೋಣ.

ಮುಲಾಮಿನ ಮೇಲೆ ಪ್ಲಾಸ್ಟಿಕ್ ಸುತ್ತಿದರೆ ಚರ್ಮ ಬೆವೆತು ಮೆತ್ತಗಾಗುತ್ತದೆ. ಔಷಧ ಮೇಲೆ ನಿಲ್ಲದೆ ಒಳಗೆ, ರಕ್ತಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮುಂಚೆ ಲಿಗ್ನೋಕೇನ್, ಪ್ರಿಲೋಕೇನ್ ಎಂಬ ಎರಡು ಜೋಮಿನ ಔಷಧ ಕೂಡಿದ ಕ್ರೀಮ್ ಹಚ್ಚಿ, ಮೇಲೆ ಪಟ್ಟಿ ಅಂಟಿಸಿ ಒಂದು ತಾಸು ಬಿಡುತ್ತಾರೆ. ಒಳಗೆ ಇಳಿಯಲಿ ಅಂತಲೇ ಹಾಗೆ ಮಾಡುವುದು. ಆದರೆ ಅಲ್ಲಿ ಜಾಗ ಚಿಕ್ಕದು, ಅಳತೆ ಗೊತ್ತು, ನೋಡಿಕೊಳ್ಳಲು ಜನ ಇದ್ದಾರೆ. ಮನೆಯಲ್ಲಿ ಎರಡೂ ಕೈಗೆ ರಾತ್ರಿಯಿಡೀ ಕಟ್ಟಿಕೊಳ್ಳುವುದು ಬೇರೆ ಮಾತು.

ಇನ್ನೊಂದು ಕೇಳಬೇಕು. ವೈನಿಯವರ ಉಗುರ ಸುತ್ತ ಚರ್ಮ ಬಿರಿದಿದೆಯಾ? ತೊಟ್ಟು ಬಿಡಿಸುವವರಿಗೆ ಸಾಮಾನ್ಯವಾಗಿ ಬಿರಿದಿರುತ್ತದೆ. ಒಡೆದ ಚರ್ಮದಿಂದ ಔಷಧ ಇನ್ನೂ ಬೇಗ ಒಳಗೆ ಹೋಗುತ್ತದೆ.

ಸವಣೂರ ಖಾರ
ಬ್ಯಾಡಗಿ ಕಾಯಿಗೆ ಇಷ್ಟು ಉರಿನಾ? ಅದು ಬಣ್ಣಕ್ಕೆ ಹೆಸರುವಾಸಿ, ಖಾರಕ್ಕಲ್ಲ. 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು ಕೂಡ ಸಿಕ್ಕಿದೆ ನಮ್ಮ ಕಾಯಿಗೆ. ಸುಮ್ನೆ ಹೆಸರು ಕೆಡಿಸಬೇಡ್ರಿ 😄

ಕುಂದಗೋಳ ರೈತ
ದಿನವಿಡೀ ಕುಳಿತು ಚೀಲಗಟ್ಟಲೆ ಬಿಡಿಸಿ ನೋಡ್ರಿ ಅಣ್ಣಾರ, ಆಮೇಲೆ ಹೇಳ್ರಿ. ಖಾರ ಕಡಿಮೆ ಅಂದರೆ ಖಾರ ಇಲ್ಲ ಅಂತಲ್ಲ. ಮೇಲಾಗಿ ಪೇಟೆಗೆ ಬರುವುದೆಲ್ಲ ಡಬ್ಬಿ, ಕಡ್ಡಿ ಎಂಬ ಬ್ಯಾಡಗಿ ತಳಿಗಳೇ ಅಲ್ಲ. ಗುಂಟೂರು ಕಡೆಯ ತಳಿಯೂ ಬರುತ್ತದೆ. ಅದನ್ನು ಬಿಡಿಸಿದ ಕೈಯಿಂದ ಕಣ್ಣು ಮುಟ್ಟಿದರೆ ಆ ದಿನ ಮುಗಿಯಿತು.

ಚರ್ಮದ ಮಾತು, ಹುಬ್ಬಳ್ಳಿ
ನಾನು ಚರ್ಮರೋಗ ವಿಭಾಗದಲ್ಲಿ ಪಿಜಿ ಮಾಡುತ್ತಿರುವ ಡಾಕ್ಟರ್. ಇಲ್ಲಿ ಬರೆಯುವುದು ಸಾಮಾನ್ಯ ಮಾಹಿತಿ ಅಷ್ಟೇ. ವೈನಿಯವರ ಕೈ ನಾನು ನೋಡಿಲ್ಲ.

ಮೆಣಸಿನಕಾಯಿ ಉರಿಯಲ್ಲಿ ಚರ್ಮ ಸುಟ್ಟಿರುವುದಿಲ್ಲ. ಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಹೋಗಿ ನರದ ತುದಿಯಲ್ಲಿರುವ ಒಂದು ಬಾಗಿಲು ತೆರೆಯುತ್ತದೆ. ಅದೇ ಬಾಗಿಲು ಸುಮಾರು 43 ಡಿಗ್ರಿ ಶಾಖಕ್ಕೂ ತೆರೆಯುವಂಥದ್ದು. ಹಾಗಾಗಿ ಮೆದುಳಿಗೆ ಕೈ ಸುಡುತ್ತಿದೆ ಅಂತಲೇ ಸುದ್ದಿ ಹೋಗುತ್ತದೆ. 1997ರಲ್ಲಿ ಇದನ್ನು ಕಂಡುಹಿಡಿದದ್ದು ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ, ಅದೂ ಕ್ಯಾಪ್ಸೈಸಿನ್ ಬಳಸಿಯೇ. 2021ರಲ್ಲಿ ಅವರಿಗೆ ನೊಬೆಲ್ ಬಂತು.

ಲಿಗ್ನೋಕೇನ್ ಕೆಲಸ ಮಾಡುವುದು ಬೇರೆ ಕಡೆ. ಅದು ನರದೊಳಗೆ ಸೋಡಿಯಂ ಹೋಗದಂತೆ ತಡೆಯುತ್ತದೆ, ಆಗ ಸುದ್ದಿ ಮುಂದೆ ಸಾಗುವುದಿಲ್ಲ. ಕ್ಯಾಪ್ಸೈಸಿನ್ ಮಾತ್ರ ಚರ್ಮದಲ್ಲಿ ಹಾಗೇ ಕೂತಿರುತ್ತದೆ. ಜೋಮು ಇಳಿದ ಕೂಡಲೇ ಉರಿ ಮತ್ತೆ ಶುರು. ಇನ್ನಷ್ಟು ಹಚ್ಚೋಣ ಅನ್ನಿಸುವುದು ಅದಕ್ಕೇ, ಅಪಾಯ ಇರುವುದೂ ಅಲ್ಲೇ.

ಕ್ಯಾಪ್ಸೈಸಿನ್ ನೀರಿನಲ್ಲಿ ಕರಗಲ್ಲ ಅನ್ನಬಹುದು. ಎಣ್ಣೆಯಲ್ಲಿ ಕರಗುತ್ತದೆ. ಕೆಲಸ ಬಿಟ್ಟ ಕೂಡಲೇ ಒಣ ಕೈಗೆ ಶೇಂಗಾ ಎಣ್ಣೆ ಹಾಕಿ, ಬೆರಳ ಸಂದಿ, ಉಗುರ ಸಂದಿ ಬಿಡದೆ ತಿಕ್ಕಲಿ. ಬಟ್ಟೆಯಿಂದ ಒರೆಸಿ, ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಲಿ. ಬೇಕಾದರೆ ಇನ್ನೊಮ್ಮೆ ಮಾಡಲಿ. ಬಿಸಿನೀರು ಮಾತ್ರ ಬೇಡ, ಉರಿ ಏರುತ್ತದೆ. ಮರುದಿನದಿಂದ ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು ಹಾಕಿಕೊಂಡು ಕೆಲಸ ಮಾಡಿದರೆ ಮುಲಾಮಿನ ಪ್ರಶ್ನೆಯೇ ಬರುವುದು ಕಡಿಮೆ. ತೆಳ್ಳನೆ ಮಾಮೂಲಿ ರಬ್ಬರ್ ಗವಸಾದರೆ ತಾಸುಗಟ್ಟಲೆ ಕೆಲಸದಲ್ಲಿ ಖಾರ ಒಳಗೆ ಇಳಿಯುತ್ತದೆ.

ಬೆಟಗೇರಿ ತಮ್ಮ
ಥ್ಯಾಂಕ್ಸ್ ರೀ ಡಾಕ್ಟರೇ. ಈಗಲೇ ಫೋನ್ ಮಾಡುತ್ತೇನೆ. ಉಗುರ ಸುತ್ತ ಬಿರಿದಿದೆ, ಹೌದು. ಹಾಗಿದ್ದರೆ ಎಷ್ಟು ಹಚ್ಚಿದರೆ ಜಾಸ್ತಿ ಅಂತ ಲೆಕ್ಕ?

ಚರ್ಮದ ಮಾತು, ಹುಬ್ಬಳ್ಳಿ
ಶೇ. 5 ಮುಲಾಮಿನ 1 ಗ್ರಾಂನಲ್ಲಿ 50 ಮಿಲಿಗ್ರಾಂ ಔಷಧ ಇರುತ್ತದೆ. ದೊಡ್ಡವರಿಗೆ ಒಂದು ಸಲಕ್ಕೆ 5 ಗ್ರಾಂ ಮೀರಬಾರದು. ಟ್ಯೂಬ್ ಒತ್ತಿದಾಗ ಬರುವ ಎಳೆ ಸುಮಾರು 6 ಇಂಚು ಉದ್ದ ಇದ್ದರೆ ಅಷ್ಟಾಯಿತು. ಇಡೀ ದಿನಕ್ಕೆ 17ರಿಂದ 20 ಗ್ರಾಂ ಕೊನೆಯ ಮಿತಿ. ಅಷ್ಟು ಹಚ್ಚಲೇಬೇಕು ಅಂತಲ್ಲ, ಅದನ್ನು ದಾಟಬಾರದು ಅಂತ. ಈ ಲೆಕ್ಕವೂ ಒಡೆಯದ ಚರ್ಮಕ್ಕೆ, ಏನೂ ಸುತ್ತದೆ ಹಚ್ಚಿದಾಗ ಮಾತ್ರ. ಲಿವರ್ ತೊಂದರೆ ಇರುವವರು, ಹೃದಯ ಬಡಿತ ಸರಿ ಮಾಡುವ ಮಾತ್ರೆ ನುಂಗುವವರು, ಗರ್ಭಿಣಿಯರು, ಮಕ್ಕಳು ಈ ಲೆಕ್ಕದಲ್ಲಿ ಬರುವುದಿಲ್ಲ. ಅವರು ಕೇಳಿಯೇ ಹಚ್ಚಬೇಕು.

ಔಷಧ ರಕ್ತದಲ್ಲಿ ಏರಿದರೆ ಮೊದಲು ತುಟಿ, ನಾಲಿಗೆ ಜುಮ್ಮೆನ್ನುತ್ತದೆ. ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಸದ್ದು, ತಲೆಸುತ್ತು, ಕಣ್ಣು ಮಂಜು, ಕೈ ನಡುಕ. ಅಲ್ಲಿಂದ ಮುಂದೆ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಮೊದಲಿನ ಯಾವುದಾದರೂ ಒಂದು ಕಂಡರೂ ಮುಲಾಮು ಒರೆಸಿ, ತೊಳೆದು, ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಫೋನ್ ಮಾಡಿ. ಮಲಗಿದರೆ ಸರಿಹೋಗುತ್ತದೆ ಅಂತ ಕಾಯಬಾರದು.

ಲಕ್ಷ್ಮೇಶ್ವರ ಅಕ್ಕ
ಯಾರೂ ಕೇಳದ ಒಂದು ಮಾತು ಕೇಳುತ್ತೇನೆ. ವೈನಿ ಸಂಜೆ ಬಂದು ರೊಟ್ಟಿ ಬಡಿಯುತ್ತಾರಾ? ಜೋಮು ಹಿಡಿದ ಕೈಯಲ್ಲಿ ಹೆಂಚಿನ ಮೇಲಿನ ರೊಟ್ಟಿ ತಿರುವಿದರೆ ಸುಟ್ಟಿದ್ದೇ ಗೊತ್ತಾಗಲ್ಲ. ಮುಲಾಮಿನ ಕೈ ಹಿಟ್ಟಿಗೂ ಹತ್ತುತ್ತದೆ. ಆ ರೊಟ್ಟಿ ಮಕ್ಕಳೇ ತಿನ್ನುವುದು ಅಲ್ವಾ?

ಹಾವೇರಿ ಔಷಧ ಅಂಗಡಿ
ಅಕ್ಕಾರ, ನೂರಕ್ಕೆ ನೂರು ಸರಿ. ಅಂಗಡಿಯಲ್ಲಿ ಕೂತು ನನಗೂ ಹೊಳೆದಿರಲಿಲ್ಲ. ಕೈಗೆ ಹಚ್ಚುವುದೇ ಆದರೆ ಅಡುಗೆ, ಊಟ ಎಲ್ಲ ಮುಗಿದ ಮೇಲೆ. ಬೇರೆ ಕಡೆ ಹಚ್ಚಿದರೆ ಹಚ್ಚಿದ ಕೈ ಸೋಪು ಹಾಕಿ ತೊಳೆಯಬೇಕು. ಹಚ್ಚಿದ ಜಾಗಕ್ಕೆ ಬಿಸಿನೀರಿನ ಚೀಲ ಇಡುವುದಂತೂ ಬೇಡವೇ ಬೇಡ. ಶಾಖಕ್ಕೆ ಔಷಧ ಇನ್ನೂ ಬೇಗ ಇಳಿಯುತ್ತದೆ, ಮೇಲಿನಿಂದ ಚರ್ಮ ಸುಟ್ಟರೂ ತಿಳಿಯಲ್ಲ. ಸಕ್ಕರೆ ಕಾಯಿಲೆಯವರ ಕಾಲಿಗೂ ಇದೇ ಮಾತು. ಅವರ ಪಾದಕ್ಕೆ ಮೊದಲೇ ಸ್ಪರ್ಶ ಕಡಿಮೆ ಇರುತ್ತದೆ.

ಅಣ್ಣಿಗೇರಿ ಅಜ್ಜ
ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಬೇವಿನ ಎಲೆ ಅರೆದು ಹಚ್ಚಿದರೆ ಮುಗೀತು. ಈಗಿನವರಿಗೆ ಎಲ್ಲದಕ್ಕೂ ಟ್ಯೂಬ್.

ಸವಣೂರ ಖಾರ
ಅಜ್ಜಾರ, ನಿಮ್ಮ ಕಾಲದಲ್ಲಿ ಜನ ಕೆರೆದುಕೊಂಡೇ ಇರುತ್ತಿದ್ದರು, ಯಾರೂ ಬರೆದಿಡಲಿಲ್ಲ ಅಷ್ಟೇ.

ಲಕ್ಷ್ಮೇಶ್ವರ ಅಕ್ಕ
ಜಗಳ ಆಮೇಲೆ ಆಡ್ರಿ. ನನ್ನದೂ ಒಂದು ಪ್ರಶ್ನೆ ಇದೆ. ಮಗಳಿಗೆ ಹಲ್ಲು ಬರುತ್ತಿದೆ, ಒಂದೇ ಸಮನೆ ಅಳು. ಬಾಯಿಹುಣ್ಣಿಗೆ ಹಚ್ಚುವ ಜೆಲ್ ಸ್ವಲ್ಪ ವಸಡಿಗೆ ಸವರು, ಮಲಗುತ್ತದೆ ಅಂತ ಓಣಿಯವರು ಹೇಳುತ್ತಾರೆ. ನಾನು ಇನ್ನೂ ಹಚ್ಚಿಲ್ಲ.

ಚರ್ಮದ ಮಾತು, ಹುಬ್ಬಳ್ಳಿ
ಹಚ್ಚಲೇಬೇಡಿ ಅಕ್ಕ. ಅಂಥ ಕೆಲವು ಜೆಲ್‌ಗಳಲ್ಲಿ ಬೆಂಜೊಕೇನ್ ಎಂಬ ಜೋಮಿನ ಔಷಧ ಶೇ. 20ರಷ್ಟು ಇರುತ್ತದೆ. ಚಿಕ್ಕ ಮಕ್ಕಳಲ್ಲಿ ಅದು ರಕ್ತವನ್ನೇ ಕೆಡಿಸಬಹುದು. ಹಿಮೋಗ್ಲೋಬಿನ್ ರೂಪ ಬದಲಾಗಿ ಆಮ್ಲಜನಕ ಹೊರುವ ಕೆಲಸ ಬಿಡುತ್ತದೆ. ಇದಕ್ಕೆ ಮೆಥೆಮೊಗ್ಲೋಬಿನೀಮಿಯಾ ಅನ್ನುತ್ತಾರೆ. ಮಗುವಿನ ತುಟಿ, ಉಗುರು ನೀಲಿ-ಬೂದು ಬಣ್ಣಕ್ಕೆ ತಿರುಗುತ್ತದೆ, ಉಸಿರು ಜೋರಾಗುತ್ತದೆ, ಮಗು ಸುಸ್ತಾಗಿ ಬೀಳುತ್ತದೆ. ರಕ್ತ ತೆಗೆದರೆ ಚಾಕಲೇಟ್ ಬಣ್ಣ. ಆಮ್ಲಜನಕ ಕೊಟ್ಟರಷ್ಟೇ ಸಾಲದು, ಮೆಥಿಲೀನ್ ಬ್ಲೂ ಎಂಬ ಇಂಜೆಕ್ಷನ್ ಬೇಕಾಗುತ್ತದೆ. ಪ್ರಿಲೋಕೇನ್ ಇರುವ ಕ್ರೀಮ್ ಜಾಸ್ತಿ ಹಚ್ಚಿದರೂ ಹೀಗಾಗಬಹುದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ 2 ವರ್ಷದೊಳಗಿನ ಮಕ್ಕಳಿಗೆ ಬೆಂಜೊಕೇನ್ ಬೇಡವೇ ಬೇಡ ಅಂತ ಎಚ್ಚರಿಸಿತು. ಬಾಯಿಗೆ ಬಳಸುವ ಲಿಗ್ನೋಕೇನ್ ದ್ರವವನ್ನು ಹಲ್ಲು ಬರುವ ಮಕ್ಕಳಿಗೆ ಹಾಕಬಾರದು ಅಂತ 2014ರಲ್ಲೇ ಹೇಳಿತ್ತು. ಗಂಟಲು ಜೋಮು ಹಿಡಿದರೆ ಹಾಲು ಶ್ವಾಸನಾಳಕ್ಕೆ ಹೋಗುವ ಭಯವೂ ಇದೆ. ಕೈ ತೊಳೆದು ಬೆರಳಿನಿಂದ ವಸಡು ಮೆಲ್ಲಗೆ ತಿಕ್ಕಿ, ಇಲ್ಲವೇ ಶುಭ್ರವಾದ ಒದ್ದೆ ಬಟ್ಟೆ ತಂಪು ಮಾಡಿ ಕಚ್ಚಲು ಕೊಡಿ. ಜ್ವರ ಇದ್ದರೆ ಅದು ಹಲ್ಲಿನದ್ದು ಅಂತ ಸುಮ್ಮನಿರಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ನವಲೂರ ಪೇರಲ
ನಮ್ಮ ಅಪ್ಪನ ಕಥೆ ಹೇಳುತ್ತೇನೆ, ಇಲ್ಲಿಗೆ ಹೊಂದುತ್ತದೆ. ಹೊಲದ ಬದುವಿನಲ್ಲಿ ಕಾಂಗ್ರೆಸ್ ಕಸ ಕಿತ್ತಿದ ಮೇಲೆ ಕುತ್ತಿಗೆ, ಕಣ್ಣಿನ ರೆಪ್ಪೆ, ಮೊಳಕೈ ಮಡಿಕೆಯಲ್ಲಿ ತುರಿಕೆ ಶುರುವಾಯಿತು. ಒಂದು ಅಂಗಡಿಯಲ್ಲಿ ಜೋಮಿನ ಮುಲಾಮು ಕೊಟ್ಟರು. ಹಚ್ಚಿದಾಗ ತುರಿಕೆ ಇಲ್ಲ, ಹಾಗಾಗಿ ಅಪ್ಪ ಮತ್ತೆ ಅದೇ ಹೊಲಕ್ಕೆ, ಅದೇ ಕಸಕ್ಕೆ. ಮಳೆಗಾಲ ಪೂರ್ತಿ ಹೀಗೇ ನಡೆಯಿತು. ಚರ್ಮ ಆನೆಯ ಚರ್ಮದಂತೆ ದಪ್ಪ ಆದ ಮೇಲೆ ದೊಡ್ಡ ಆಸ್ಪತ್ರೆಗೆ ಹೋದೆವು. ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದರು. ಆ ಕಸದ ಅಲರ್ಜಿಯೇ. ಈಗ ಕಸ ಕೀಳಲು ಆಳು ಹಚ್ಚುತ್ತೇವೆ, ಅಪ್ಪ ತುಂಬುತೋಳಿನ ಅಂಗಿ ಹಾಕುತ್ತಾರೆ, ಬಂದ ಕೂಡಲೇ ಸ್ನಾನ. ಡಾಕ್ಟರ್ ಕೊಟ್ಟ ಔಷಧವೂ ನಡೆಯುತ್ತಿದೆ.

ತುರಿಕೆ ಆಗುತ್ತಿದ್ದರೆ ಅಪ್ಪ ಆ ಕಸದಿಂದ ತಾವೇ ದೂರ ಇರುತ್ತಿದ್ದರು. ಮುಲಾಮು ಅದನ್ನು ಮುಚ್ಚಿಟ್ಟಿತು. ನನಗೆ ಸಿಟ್ಟು ಇರುವುದು ಇದಕ್ಕೆ.

ಚರ್ಮದ ಮಾತು, ಹುಬ್ಬಳ್ಳಿ
ಈ ಭಾಗದಲ್ಲಿ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸದ ತುರಿಕೆ ಹೊಸದೇನಲ್ಲ. ಕಸದ ಪುಡಿ ಗಾಳಿಯಲ್ಲಿ ಹಾರಿ ಬಂದು ಕೂರುತ್ತದೆ, ಅದಕ್ಕೇ ಬಟ್ಟೆ ಮುಚ್ಚದ ಜಾಗ ಮತ್ತು ಮಡಿಕೆಗಳಲ್ಲಿ ಮೊದಲು ಕಾಣುವುದು.

ಇದರ ಜೊತೆಗೆ ಇನ್ನೊಂದು ಇದೆ. ಜೋಮಿನ ಮುಲಾಮಿಗೇ ಅಲರ್ಜಿ ಆಗಬಹುದು. ಬೆಂಜೊಕೇನ್ ಇದರಲ್ಲಿ ಮುಂದು, ಲಿಗ್ನೋಕೇನ್‌ಗೆ ಕಡಿಮೆ. ಕೂದಲಿಗೆ ಕಪ್ಪು ಡೈ ಹಚ್ಚಿ ತಲೆ, ಹಣೆ ಉರಿದು ಊದಿಕೊಂಡ ಅನುಭವ ಇದ್ದವರಿಗೆ ಬೆಂಜೊಕೇನ್ ಕೂಡ ಆಗದೆ ಇರಬಹುದು. ಎರಡರ ರಚನೆ ಹತ್ತಿರ ಹತ್ತಿರ. ಹಚ್ಚಿದ ಮೇಲೆ ತುರಿಕೆ ಏರುತ್ತಾ ಹೋದರೆ ಇನ್ನಷ್ಟು ಹಚ್ಚಬೇಡಿ, ನಿಲ್ಲಿಸಿ.

ಗದಗ ಹಾಸ್ಟೆಲ್ ಹುಡುಗ
ನಮ್ಮ ರೂಮಿನಲ್ಲಿ ಎಲ್ಲರಿಗೂ ತುರಿಕೆ. ರಾತ್ರಿ ಜಾಸ್ತಿ. ಬೆರಳ ಸಂದಿ, ಹೊಟ್ಟೆ, ಹೇಳಬಾರದ ಜಾಗ. ಒಂದೇ ಟ್ಯೂಬ್ ನಾಲ್ಕೂ ಜನ ಹಂಚಿಕೊಂಡು ಹಚ್ಚುತ್ತೇವೆ. ಇದೂ ತಪ್ಪಾ?

ಹಾವೇರಿ ಔಷಧ ಅಂಗಡಿ
ತಮ್ಮಾ, ಒಂದೇ ರೂಮಿನವರಿಗೆಲ್ಲ ರಾತ್ರಿ ತುರಿಕೆ ಅಂದರೆ ಕಜ್ಜಿ ಇರಬೇಕು. ಅದು ಹುಳುವಿನಿಂದ ಬರುವುದು. ಜೋಮಿನ ಮುಲಾಮಿಗೆ ಹುಳ ಸಾಯುತ್ತದಾ? ಡಾಕ್ಟರಿಗೆ ತೋರಿಸಿ. ಸಾಮಾನ್ಯವಾಗಿ ಪರ್ಮೆಥ್ರಿನ್ ಶೇ. 5 ಕ್ರೀಮ್ ಕೊಡುತ್ತಾರೆ. ಕುತ್ತಿಗೆಯಿಂದ ಕೆಳಗೆ ಇಡೀ ಮೈಗೆ ಹಚ್ಚಿ, 8ರಿಂದ 14 ತಾಸು ಬಿಟ್ಟು ಸ್ನಾನ, ವಾರದ ಮೇಲೆ ಇನ್ನೊಮ್ಮೆ. ನಾಲ್ಕೂ ಜನ ಒಂದೇ ದಿನ ಹಚ್ಚಬೇಕು. ಒಬ್ಬ ಬಿಟ್ಟರೂ ಮತ್ತೆ ಎಲ್ಲರಿಗೂ ಬರುತ್ತದೆ. ಚಾದರ, ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಊರಿಗೆ ಹೋಗಿ ಬಂದಿದ್ದರೆ ಮನೆಯವರಿಗೂ ಹೇಳಿ.

ತೊಡೆಸಂದಿಯಲ್ಲಿ ಉಂಗುರದಂತೆ ಕೆಂಪಗೆ ಇದ್ದರೆ ಅದು ಹುಳುಕಡ್ಡಿ, ಬೇರೆ ಔಷಧ. ಅದಕ್ಕೆ ಮೂರು ಔಷಧ ಕೂಡಿಸಿದ ಕ್ರೀಮ್ ಕೊಡಿ ಅಂತ ದಿನಾ ಯಾರಾದರೂ ಬರುತ್ತಾರೆ. ಅದರಲ್ಲಿ ಸ್ಟಿರಾಯ್ಡ್ ಇರುತ್ತದೆ. ಎರಡು ದಿನಕ್ಕೆ ತುರಿಕೆ ಮಾಯ, ಆಮೇಲೆ ಹುಳುಕಡ್ಡಿ ಮೈಯೆಲ್ಲ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ನಾನು ಕೊಡುವುದಿಲ್ಲ ಅಂದರೆ ಎದುರಿನ ಅಂಗಡಿಗೆ ಹೋಗುತ್ತಾರೆ. ಏನು ಮಾಡುವುದು ಹೇಳಿ.

ವಿದ್ಯಾನಗರ ಪಾರ್ಲರ್
ನಮ್ಮಲ್ಲಿಗೆ ಬರುವ ಹುಡುಗಿಯರು ವ್ಯಾಕ್ಸಿಂಗ್ ಮುಂಚೆ ಅಂತ ತಾವೇ ಕ್ರೀಮ್ ತರುತ್ತಾರೆ. ಆನ್‌ಲೈನ್‌ನಲ್ಲಿ ತರಿಸಿದ್ದು. ಟ್ಯಾಟೂ ಹಾಕುವವರೂ ಅದನ್ನೇ ಬಳಸುತ್ತಾರಂತೆ. ಕೆಲವಕ್ಕೆ ಏನಿದೆ ಅಂತ ಸರಿಯಾಗಿ ಬರೆದೇ ಇರುವುದಿಲ್ಲ. ನಾನು ಬೇಡ ಅಂದರೆ, ನಿಮಗೇನು ಗೊತ್ತು ಆಂಟಿ ಅಂತಾರೆ. ಡಾಕ್ಟರೇ, ನೀವೇ ಇಲ್ಲಿ ಬರೆದುಬಿಡಿ, ತೋರಿಸುತ್ತೇನೆ.

ಚರ್ಮದ ಮಾತು, ಹುಬ್ಬಳ್ಳಿ
ಬರೆಯುತ್ತೇನೆ, ಧಾರಾಳವಾಗಿ ತೋರಿಸಿ.

ಲೇಸರ್‌ನಲ್ಲಿ ಕೂದಲು ತೆಗೆಸುವ ಮುಂಚೆ ಕಾಲಿಗೆಲ್ಲ ಜೋಮಿನ ಕ್ರೀಮ್ ಹಚ್ಚಿ, ಪ್ಲಾಸ್ಟಿಕ್ ಸುತ್ತಿಕೊಂಡ ಇಬ್ಬರು ಯುವತಿಯರು ಅಮೆರಿಕದಲ್ಲಿ ತೀರಿಕೊಂಡರು. ಒಬ್ಬರಿಗೆ 22 ವರ್ಷ, ಇನ್ನೊಬ್ಬರಿಗೆ 25. ಇಬ್ಬರಿಗೂ ಫಿಟ್ಸ್ ಬಂದು, ಪ್ರಜ್ಞೆ ತಪ್ಪಿತ್ತು. ಆ ಕ್ರೀಮುಗಳಲ್ಲಿ ಔಷಧದ ಪ್ರಮಾಣ ತುಂಬಾ ಜಾಸ್ತಿ ಇತ್ತು. ಎಫ್‌ಡಿಎ 2007ರಲ್ಲಿ ಇದನ್ನೇ ಮುಂದಿಟ್ಟು ಎಚ್ಚರಿಕೆ ಕೊಟ್ಟಿತು. 2024ರಲ್ಲಿ ಮತ್ತೆ ಇಂಥ ಕ್ರೀಮು ಮಾರುವ 6 ಕಂಪನಿಗಳಿಗೆ ಪತ್ರ ಬರೆಯಿತು. ಅಲ್ಲಿ ಚೀಟಿ ಇಲ್ಲದೆ ಕೊಳ್ಳುವ ಕ್ರೀಮಿನಲ್ಲಿ ಲಿಡೋಕೇನ್ ಶೇ. 4 ದಾಟಬಾರದು. ಅಂದಹಾಗೆ ನಮ್ಮ ಲಿಗ್ನೋಕೇನ್, ಅವರ ಲಿಡೋಕೇನ್ ಒಂದೇ ಔಷಧ. ಬೇರೆ ಬೇರೆ ಅಂದುಕೊಂಡು ಎರಡನ್ನೂ ಒಂದರ ಮೇಲೊಂದು ಹಚ್ಚಬೇಡಿ.

ನಮ್ಮ ಅಂಗಡಿಗಳಲ್ಲಿ ಜೆಲ್ ಶೇ. 2, ಮುಲಾಮು ಶೇ. 5, ಸ್ಪ್ರೇ ಶೇ. 10 ಹೀಗೆ ಸಿಗುತ್ತದೆ. ಎಲ್ಲವೂ ಒಂದೇ ಅಂತ ಸ್ಪ್ರೇ ತಂದು ಮೈಗೆಲ್ಲ ಹೊಡೆದುಕೊಳ್ಳುವವರೂ ಇದ್ದಾರೆ.

ನಿರ್ವಾಹಕ
ಈ ಮಧ್ಯೆ ಒಬ್ಬರು "ನೋವೇ ಇಲ್ಲದ ಟ್ಯಾಟೂ ಕ್ರೀಮ್" ಮಾರುವ ಲಿಂಕ್ ಹಾಕಿದ್ದರು. ತೆಗೆದಿದ್ದೇನೆ. ಇಲ್ಲಿ ವ್ಯಾಪಾರ ಬೇಡ.

ಹಾನಗಲ್ ಹಿರಿಯ
ನನಗೆ ಪಕ್ಕೆಯ ಮೇಲೆ ಸರ್ಪಸುತ್ತು ಆಗಿತ್ತು. ಕೆಮ್ಮಣ್ಣು ಹಚ್ಚಿಸಿಕೊಳ್ಳಿ ಅಂತ ಎಲ್ಲರೂ ಹೇಳಿದರು, ಹಚ್ಚಿಸಿಕೊಂಡೆ. ಗುಳ್ಳೆ ಮಾಯ್ದು ತಿಂಗಳುಗಳಾದವು. ಆದರೆ ಅಂಗಿ ತಾಗಿದರೂ ಕರೆಂಟ್ ಹೊಡೆದಂತೆ ನೋವು. ಇದಕ್ಕೆ ಜೋಮಿನ ಮುಲಾಮು ನಡೆಯುತ್ತದಾ, ಇಲ್ಲ ಇದಕ್ಕೂ ಬೈಯುತ್ತೀರಾ?

ಚರ್ಮದ ಮಾತು, ಹುಬ್ಬಳ್ಳಿ
ಬೈಯುವುದಿಲ್ಲ ಸರ. ಲಿಗ್ನೋಕೇನ್ ನಿಜವಾಗಿ ಕೆಲಸಕ್ಕೆ ಬರುವ ಜಾಗ ಇದು. ಗುಳ್ಳೆ ಪೂರ್ತಿ ಮಾಯ್ದು ಚರ್ಮ ಗಟ್ಟಿಯಾದ ಮೇಲೆ ಉಳಿಯುವ ನರದ ನೋವಿಗೆ ಶೇ. 5ರ ಪಟ್ಟಿ ಬರುತ್ತದೆ. 24 ತಾಸಿನಲ್ಲಿ 12 ತಾಸು ಮಾತ್ರ ಅಂಟಿಸಬೇಕು, ಉಳಿದ 12 ತಾಸು ಚರ್ಮಕ್ಕೆ ಬಿಡುವು. ಒಮ್ಮೆಗೆ 3 ಪಟ್ಟಿಗಿಂತ ಜಾಸ್ತಿ ಬೇಡ. ನುಂಗುವ ಔಷಧಗಳೂ ಇವೆ, ಚೀಟಿ ಬರೆಸಿಕೊಂಡೇ ಶುರು ಮಾಡಿ.

ಬೇರೆಯವರಿಗೆ ಹೇಳುವುದು ಇಷ್ಟು. ಸರ್ಪಸುತ್ತಿನ ಗುಳ್ಳೆ ಕಂಡರೆ 72 ತಾಸಿನೊಳಗೆ ಡಾಕ್ಟರ ಹತ್ತಿರ ಹೋಗಿ. ವೈರಸ್ ವಿರುದ್ಧದ ಮಾತ್ರೆ ಆಗ ಕೊಟ್ಟರೇ ಪರಿಣಾಮ ಜಾಸ್ತಿ. ಕೆಮ್ಮಣ್ಣು ಹಚ್ಚುತ್ತಾ ಆ ಮೂರು ದಿನ ಕಳೆದುಬಿಡುತ್ತಾರೆ ಅನ್ನುವುದೇ ನಮ್ಮ ಸಂಕಟ. ಹಸಿ ಗುಳ್ಳೆಯ ಮೇಲೆ ಜೋಮಿನ ಮುಲಾಮೂ ಬೇಡ.

ಅಣ್ಣಿಗೇರಿ ಅಜ್ಜ
ಹಾಗಾದರೆ ಈ ಟ್ಯೂಬ್ ಯಾವುದಕ್ಕೆ ಹಚ್ಚಬೇಕು ಅದನ್ನಾದರೂ ಹೇಳ್ರಿ. ಬೆಳಿಗ್ಗೆಯಿಂದ ಬೇಡ ಬೇಡ ಅನ್ನುವುದೇ ಕೇಳಿದೆ.

ಹಾವೇರಿ ಔಷಧ ಅಂಗಡಿ
ಒಳ್ಳೆ ಪ್ರಶ್ನೆ ಅಜ್ಜಾರ. ಇರುವೆ, ಸೊಳ್ಳೆ ಕಚ್ಚಿ ಒಂದು ಜಾಗ ತುರಿಸುತ್ತಿದೆ, ಬಿಸಿಲಿಗೆ ಹೆಗಲು ಉರಿಯುತ್ತಿದೆ, ಹೆಂಚು ತಾಗಿ ಬೆರಳು ಚುರ್ ಅಂದಿದೆ ಆದರೆ ಚರ್ಮ ಎದ್ದಿಲ್ಲ. ಇಂಥದ್ದಕ್ಕೆ ತೆಳ್ಳಗೆ ಸವರಬಹುದು. ಸುಟ್ಟಿದ್ದಾದರೆ ಅದಕ್ಕೂ ಮೊದಲು 20 ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಬೇಕು. ಟೂತ್‌ಪೇಸ್ಟ್, ಶಾಯಿ ಬೇಡ. ದಿನಕ್ಕೆ ಮೂರು ಸಲದ ಮೇಲೆ ಬೇಡ, ವಾರ ದಾಟಿಸುವುದು ಬೇಡ. ವಾರವಾದರೂ ತುರಿಕೆ ನಿಂತಿಲ್ಲ ಅಂದರೆ ಅದು ಸೊಳ್ಳೆಯದ್ದಲ್ಲ, ತೋರಿಸಬೇಕು. ಕಣ್ಣಿನ ಹತ್ತಿರ ಯಾವಾಗಲೂ ಬೇಡ.

ನಿಜ ಹೇಳಬೇಕೆಂದರೆ ಬರೀ ತುರಿಕೆಗೆ ನಾನು ಮೊದಲು ಕೊಡುವುದು ಕ್ಯಾಲಮೈನ್ ಲೋಷನ್. ಒದ್ದೆ ಬಟ್ಟೆ ಇಟ್ಟರೂ ಎಷ್ಟೋ ತುರಿಕೆ ಇಳಿಯುತ್ತದೆ, ದುಡ್ಡೂ ಉಳಿಯುತ್ತದೆ. ಧಾರವಾಡದ ಚಳಿಗೆ ಮೈ ಒಣಗಿ ತುರಿಸುವವರಿಗೆ ಸ್ನಾನದ ನಂತರ ಹಸಿ ಮೈಗೇ ಕೊಬ್ಬರಿ ಎಣ್ಣೆ ಸಾಕು.

ಬೆಟಗೇರಿ ತಮ್ಮ
ವೈನಿ ಜೊತೆ ಮಾತಾಡಿದೆ. ಎಣ್ಣೆ, ಸೋಪಿನ ಉಪಾಯ ಹಿಡಿಸಿದೆ. ಗವಸು ಹಾಕಿದರೆ ಕೆಲಸ ನಿಧಾನ ಆಗುತ್ತದೆ, ಕಿಲೋ ಲೆಕ್ಕದಲ್ಲಿ ಕೂಲಿ, ಯಾರು ಕೊಡುತ್ತಾರೆ ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕುಂದಗೋಳ ರೈತ
ಬೆರಳಿಗೆ ಬಿಗಿಯಾಗಿ ಕೂರುವ ಅಳತೆ ತಂದುಕೊಡಿ ತಮ್ಮ. ದೊಡ್ಡ ಗವಸಿನಲ್ಲಿ ತೊಟ್ಟು ಸಿಗುವುದಿಲ್ಲ, ಅದಕ್ಕೇ ನಿಧಾನ. ನಮ್ಮ ಮನೆಯ ಹೆಣ್ಣುಮಕ್ಕಳು ಮೊದಮೊದಲು ಬೈದರು, ಈಗ ಅದಿಲ್ಲದೆ ಕೂಡುವುದಿಲ್ಲ. ಗವಸಿನ ಡಬ್ಬಿಯ ದುಡ್ಡನ್ನು ಕೆಲಸ ಕೊಡುವವರೇ ಹಾಕಬೇಕು, ಆದರೆ ಅದನ್ನು ಕೇಳುವವರು ಯಾರು.

ಲಕ್ಷ್ಮೇಶ್ವರ ಅಕ್ಕ
ಕೊನೆಯದಾಗಿ ಕೇಳುತ್ತೇನೆ, ಬೈಯಬೇಡಿ. ಹಿಮ್ಮಡಿ ಒಡೆದು ನೋಯುತ್ತಿದೆ. ಅದಕ್ಕೆ ಈ ಟ್ಯೂಬ್?

ಹಾವೇರಿ ಔಷಧ ಅಂಗಡಿ
ಒಡೆದ ಚರ್ಮ ಅಕ್ಕಾರ, ಬೇಡ. ರಾತ್ರಿ ಕಾಲು ತೊಳೆದು ವ್ಯಾಸಲೀನ್ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ. ರಕ್ತ, ಕೀವು ಬಂದರೆ ಡಾಕ್ಟರಿಗೆ ತೋರಿಸಿ.